ಮೈದಾನಕ್ಕೆ ಯಜಮಾನರು ಐದು ಮಂದಿ, ಆಡುವ ಮಕ್ಕಳನ್ನು ಕೇಳುವವರು ಯಾರು?

ಸಂಜೆ ಹೊತ್ತು ಮಂಗಳೂರಿನ ಸ್ಟೇಟ್ ಬ್ಯಾಂಕಿನಲ್ಲಿ ಬಸ್ಸಿಗೆ ಕಾಯುವವರಿಗೆ ನೆಹರೂ ಮೈದಾನದ ಪರಿಚಯ ಮಾಡಿಕೊಡಬೇಕಾದ್ದಿಲ್ಲ. ಒಂದು ಮಗ್ಗುಲಲ್ಲಿ ಫುಟ್‌ಬಾಲ್, ಇನ್ನೊಂದು ಮಗ್ಗುಲಲ್ಲಿ ಕ್ರಿಕೆಟ್. ಕ್ರಿಕೆಟ್ ಅಂದರೆ ಒಂದು ಪಂದ್ಯವಲ್ಲ, ಅದೇ ನೆಲದಲ್ಲಿ ನಾಲ್ಕೈದು ಪಂದ್ಯ. ಈ ತಂಡದ ಫೀಲ್ಡರ್ ನಿಂತ ಜಾಗವೇ ಆ ತಂಡದ ಪಿಚ್ಚು. ಯಾರ ಚೆಂಡು ಯಾರ ಕಡೆ ಬಂತು ಎಂಬುದು ಆ ಹುಡುಗರಿಗೇ ಗೊತ್ತಾಗಬೇಕು. ಆದರೂ ದೊಡ್ಡ ಜಗಳವಿಲ್ಲದೆ ಆಟ ನಡೆಯುತ್ತದೆ. ಕತ್ತಲಾದ ಮೇಲೆ ಬ್ಯಾಟು ಬ್ಯಾಗು ಹೆಗಲಿಗೇರಿಸಿ ಅದೇ ನಿಲ್ದಾಣಕ್ಕೆ ಬಂದು ಬಸ್ಸು ಹತ್ತುತ್ತಾರೆ. ಕಂಡಕ್ಟರುಗಳ ಬೈಗುಳವೂ ಅವರಿಗೆ ಅಭ್ಯಾಸವಾಗಿ ಹೋಗಿದೆ.

ಆಡಲಿಕ್ಕೆ ಬಸ್ಸು ಹತ್ತಿ ಬರಬೇಕು ಅಂದರೆ ಮನೆ ಹತ್ತಿರ ಜಾಗ ಇಲ್ಲ ಎಂದೇ ಅರ್ಥ. ಇದ್ದ ಜಾಗ ಎಲ್ಲಿ ಹೋಯಿತು, ಉಳಿದಿರುವ ಜಾಗದಲ್ಲಿ ಯಾರು ಯಾವಾಗ ಆಡಬೇಕು, ಅದನ್ನು ನೋಡಿಕೊಳ್ಳುವ ಹೊಣೆ ಯಾರದ್ದು? ಪೇಟೆಯಲ್ಲಿ ಈ ಪ್ರಶ್ನೆ ಕೇಳಿದರೆ ಪ್ರತಿಯೊಬ್ಬರೂ ಪಕ್ಕದ ಕಚೇರಿಯ ಕಡೆ ಕೈ ತೋರಿಸುತ್ತಾರೆ.

ನೆಹರೂ ಮೈದಾನವನ್ನೇ ತೆಗೆದುಕೊಳ್ಳಿ. ಆಗಸ್ಟ್ 15, ಜನವರಿ 26 ಬಂತೆಂದರೆ ಕವಾಯತು. ಚುನಾವಣೆ ಬಂತೆಂದರೆ ದೊಡ್ಡವರ ಭಾಷಣ. ನಡುನಡುವೆ ವಸ್ತುಪ್ರದರ್ಶನ, ಸಮಾವೇಶ. ಇವೆಲ್ಲ ಬೇಡ ಎಂದು ಯಾರೂ ಹೇಳುವುದಿಲ್ಲ; ಪೇಟೆ ಅಂದ ಮೇಲೆ ನಾಲ್ಕು ಜನ ಸೇರಲು ಜಾಗ ಬೇಕು. ಆದರೆ ಶಾಮಿಯಾನದ ಗೂಟ ಹೊಡೆಯುವವರಿಗೆ ಅರ್ಜಿ ಕೊಡಲು ಕಚೇರಿ ಉಂಟು, ಧ್ವನಿವರ್ಧಕಕ್ಕೆ ಪೊಲೀಸರ ಅನುಮತಿ ಉಂಟು. ಗೂಟ ಕಿತ್ತ ಮೇಲೆ ಗುಂಡಿ ಮುಚ್ಚಿ ಎಂದು ಹೇಳಿಕೊಳ್ಳಲು ಹುಡುಗರಿಗೆ ಕಚೇರಿ ಇಲ್ಲ. ನಾಳೆ ಸಂಜೆ ಮೈದಾನ ಖಾಲಿ ಉಂಟೋ ಇಲ್ಲವೋ ಎಂಬುದು ಅವರಿಗೆ ತಿಳಿಯುವುದು ಬಸ್ಸಿನಿಂದ ಇಳಿದು ನೋಡಿದ ಮೇಲೆಯೇ.

ಒಂದು ರಸ್ತೆ, ಮೂರು ಬೀಗದ ಕೈ

ಲೇಡಿಹಿಲ್ ಕಡೆಯಿಂದ ನಡೆದು ಬಂದರೆ ವಿಷಯ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲೊಂದು ಮಂಗಳಾ ಈಜುಕೊಳ. ಅದು ಮಹಾನಗರ ಪಾಲಿಕೆಯದ್ದು. ಅಲ್ಲೇ ಹತ್ತಿರ ಮಂಗಳಾ ಕ್ರೀಡಾಂಗಣ. ಅದು ರಾಜ್ಯ ಸರ್ಕಾರದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದ್ದು. ಅಲ್ಲಿಂದ ಕದ್ರಿಗೆ ಹೋದರೆ ಪಾರ್ಕು. ಅದರ ಆಡಳಿತ ತೋಟಗಾರಿಕಾ ಇಲಾಖೆಯದ್ದು. ರಿಕ್ಷಾದಲ್ಲಿ ಹೋದರೆ ಮಿನಿಮಮ್ ಚಾರ್ಜಿನ ಆಸುಪಾಸಿನ ದಾರಿ. ಆದರೆ ಯಜಮಾನರು ಮೂವರು, ಬೀಗದ ಕೈ ಮೂರು, ಸಮಯ ಮೂರು, ಶುಲ್ಕದ ಲೆಕ್ಕ ಮೂರು.

ಇಷ್ಟಕ್ಕೇ ಮುಗಿಯುವುದಿಲ್ಲ. ಸರ್ಕಾರಿ ಶಾಲೆಗಳ ಮೈದಾನ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ. ಖಾಸಗಿ ಶಾಲೆಗಳದ್ದು ಆಯಾ ಆಡಳಿತ ಮಂಡಳಿಯ ಕೈಯಲ್ಲಿ. ಬಡಾವಣೆ ಮಾಡುವಾಗ ಪಾರ್ಕಿಗೆಂದು ಬಿಟ್ಟ ಜಾಗಕ್ಕೆ ಮೊದಲು ನಗರಾಭಿವೃದ್ಧಿ ಪ್ರಾಧಿಕಾರ, ಆಮೇಲೆ ಪಾಲಿಕೆ. ಈ ಹಸ್ತಾಂತರದ ಕಡತ ಇಬ್ಬರ ಮಧ್ಯೆ ಓಡಾಡುವ ಹೊತ್ತಿಗೆ ಆ ಜಾಗದಲ್ಲಿ ಲಾಂಟಾನ ಬೆಳೆದು ಕಾಡಾಗಿರುತ್ತದೆ, ಇಲ್ಲವೇ ಯಾರದೋ ಕಾರು ನಿಲ್ಲಿಸುವ ಜಾಗವಾಗಿರುತ್ತದೆ.

ಯಜಮಾನರು ಹೆಚ್ಚಾದದ್ದು ತಪ್ಪಲ್ಲ. ಆದರೆ ಒಬ್ಬೊಬ್ಬರೂ ನೋಡುವುದು ಬೇರೆ ಬೇರೆ ವಸ್ತು. ತೋಟಗಾರಿಕೆಯವರು ಗಿಡ ನೋಡುತ್ತಾರೆ; ಅವರ ಕಣ್ಣಿಗೆ ಚೆಂಡು ಎಂದರೆ ಹೂವಿನ ಶತ್ರು. ಪಾಲಿಕೆಯವರು ಕಾಮಗಾರಿ ನೋಡುತ್ತಾರೆ. ಶಿಕ್ಷಣ ಇಲಾಖೆಯವರು ವಲಯ ಮಟ್ಟ, ತಾಲೂಕು ಮಟ್ಟ, ಜಿಲ್ಲಾ ಮಟ್ಟ ಎಂದು ಕ್ರೀಡಾಕೂಟದ ವೇಳಾಪಟ್ಟಿ ನೋಡುತ್ತಾರೆ. ಕ್ರೀಡಾ ಇಲಾಖೆಯವರು ಪದಕ ನೋಡುತ್ತಾರೆ. ಚೆನ್ನಾಗಿ ಓಡುವ ಹುಡುಗನನ್ನು ಹುಡುಕಿ ಕ್ರೀಡಾ ವಸತಿ ನಿಲಯಕ್ಕೆ ಸೇರಿಸುವುದು ಅವರ ಕೆಲಸ, ಅದನ್ನು ಅವರು ಮಾಡುತ್ತಾರೆ. ಚೆನ್ನಾಗಿ ಓಡದ, ಯಾವ ಪದಕವೂ ತಾರದ, ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಆಡಿ ಮನೆಗೆ ಹೋಗಬೇಕೆನ್ನುವ ಮಗು ಇವರಲ್ಲಿ ಯಾರ ಕಡತದಲ್ಲಿ ಬರುತ್ತದೆ? ನೂರರಲ್ಲಿ ತೊಂಬತ್ತು ಮಕ್ಕಳು ಅಂಥವರೇ ಅಲ್ಲವೇ ಮಾರಾಯ್ರೆ!

ಕದ್ರಿ ಪಾರ್ಕಿನ ಪುಟಾಣಿ ರೈಲಿನ ಕಥೆ ಪೇಟೆಗೆಲ್ಲ ಗೊತ್ತು. ತಂದೆ ತಾಯಿ ಕುಳಿತ ರೈಲಿನಲ್ಲಿ ಮಕ್ಕಳನ್ನು ಕೂರಿಸೋಣ ಎಂದು ಹೋದವರು ನಿಂತುಹೋದ ಹಳಿ ನೋಡಿ ವಾಪಸು ಬಂದದ್ದು ಒಂದೆರಡು ವರ್ಷವಲ್ಲ. ಹೊಸ ರೈಲು ಬಂದಾಗ 2018 ಆಗಿತ್ತು. ಒಂದು ಆಟದ ರೈಲು ಓಡಿಸಲಿಕ್ಕೆ ಅಷ್ಟು ವರ್ಷ ಬೇಕಾದರೆ, ಪ್ರತಿ ದಿನ ನೂರಾರು ಮಕ್ಕಳಿಗೆ ಆಟದ ಸಮಯ ಹಂಚುವ ವ್ಯವಸ್ಥೆ ಯಾವಾಗ ಆದೀತು ಎಂದು ಲೆಕ್ಕ ಹಾಕಬಹುದು.

ನಾಲ್ಕು ಸಮಿತಿ ಉಂಟು, ಐದನೆಯದ್ದು ಇಲ್ಲ

ಕಾನೂನು ಪ್ರಕಾರ ಇದು ಯಾರ ಕೆಲಸ ಎಂದು ನೋಡೋಣ. 1992ರಲ್ಲಿ ಸಂವಿಧಾನಕ್ಕೆ 74ನೆಯ ತಿದ್ದುಪಡಿ ಆಯಿತು. 1993ರ ಜೂನ್ 1ರಿಂದ ಜಾರಿಗೆ ಬಂತು. ಪಟ್ಟಣದ ಆಡಳಿತಕ್ಕೆ ಕೊಡಬೇಕಾದ 18 ಕೆಲಸಗಳ ಪಟ್ಟಿ ಅದರಲ್ಲಿ ಉಂಟು. 12ನೆಯದ್ದು ಪಾರ್ಕು, ಉದ್ಯಾನ, ಆಟದ ಮೈದಾನ. ಅಂದರೆ ಇದು ಪಾಲಿಕೆಯ ಕೆಲಸ ಎಂದು ದೇಶದ ಸಂವಿಧಾನವೇ ಬೆರಳು ತೋರಿಸಿದೆ.

ಪಾಲಿಕೆಯ ಒಳಗೆ ಹೋದರೆ? ಮಂಗಳೂರು ಮಹಾನಗರ ಪಾಲಿಕೆಯಾದದ್ದು 1980ರಲ್ಲಿ; ಪುರಸಭೆಯಾಗಿದ್ದದ್ದು 1866ರಿಂದ. ಇಷ್ಟು ಹಳೆಯ ಸಂಸ್ಥೆಯಲ್ಲಿ 60 ವಾರ್ಡು, ನಾಲ್ಕು ಸ್ಥಾಯಿ ಸಮಿತಿ. ತೆರಿಗೆ, ಹಣಕಾಸು ಮತ್ತು ಅಪೀಲಿಗೆ ಒಂದು. ಸಾರ್ವಜನಿಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯಕ್ಕೆ ಒಂದು. ನಗರ ಯೋಜನೆ ಮತ್ತು ಸುಧಾರಣೆಗೆ ಒಂದು. ಲೆಕ್ಕಪತ್ರಕ್ಕೆ ಒಂದು. ಪಾರ್ಕು, ಮೈದಾನ, ಮಕ್ಕಳ ಆಟ ಎಂದು ಹೆಸರು ಹಾಕಿಕೊಂಡ ಸಮಿತಿ ಇಲ್ಲ. ಜಾಗದ ವಿಷಯ ಯೋಜನಾ ಸಮಿತಿಗೆ ಹೋಗುತ್ತದೆ, ದುಡ್ಡಿನ ವಿಷಯ ಹಣಕಾಸಿಗೆ ಹೋಗುತ್ತದೆ, ಮಕ್ಕಳ ವಿಷಯ ಶಿಕ್ಷಣದ್ದೋ ಎಂದು ಕೇಳಿದರೆ ಅಲ್ಲಿ ಕಸ, ಸೊಳ್ಳೆ, ಡೆಂಗೆ ಸಾಲಾಗಿ ನಿಂತಿರುತ್ತವೆ. ಮಳೆಗಾಲದಲ್ಲಿ ಡೆಂಗೆ ಮುಂದೆ ವಾಲಿಬಾಲ್ ನೆಟ್ಟಿನ ಮಾತು ಯಾರು ಎತ್ತುತ್ತಾರೆ?

ಕಾರ್ಪೊರೇಟರುಗಳಿಗೆ ಮನಸ್ಸಿಲ್ಲ ಎಂದು ಹೇಳಿದರೆ ಅನ್ಯಾಯ. ವಾರ್ಡಿಗೊಂದು ಪಾರ್ಕು ಮಾಡಿಸಬೇಕೆಂದು ಓಡಾಡಿದವರು ಎಲ್ಲ ಪಕ್ಷದಲ್ಲೂ ಇದ್ದಾರೆ. ಆದರೆ ಪಾರ್ಕು ಮಾಡಿಸುವುದೆಂದರೆ ಟೆಂಡರು. ಟೆಂಡರಿನಲ್ಲಿ ಬರುವುದು ಕಂಪೌಂಡು, ಗೇಟು, ಇಂಟರ್‌ಲಾಕು, ಕಲ್ಲಿನ ಬೆಂಚು, ನಾಮಫಲಕ. ಈಚೆಗೆ ಓಪನ್ ಜಿಮ್ಮು. ಇಂಟರ್‌ಲಾಕ್ ಹಾಕಿದ ಮೇಲೆ ಅಲ್ಲಿ ಕಬಡ್ಡಿ ಆಡಿದರೆ ಮೊಣಕಾಲಿನ ಚರ್ಮ ಉಳಿಯುವುದಿಲ್ಲ. ಓಪನ್ ಜಿಮ್ಮಿನ ಸರಳು ಹಿಡಿದು ಜೋತಾಡಲು ಮಕ್ಕಳಿಗೆ ಎತ್ತರ ಸಾಲುವುದಿಲ್ಲ. ಬೆಳಗ್ಗೆ ವಾಕಿಂಗ್ ಬರುವ ಹಿರಿಯರಿಗೆ ಅನುಕೂಲವಾಯಿತು, ಒಳ್ಳೆಯದೇ. ಅವರೂ ತೆರಿಗೆ ಕಟ್ಟುವವರು, ಮೇಲಾಗಿ ವೋಟು ಹಾಕುವವರು. ಹತ್ತು ವರ್ಷದ ಹುಡುಗನಿಗೆ ವೋಟಿಲ್ಲ. ಅವನು ಚೆಂಡು ತಂದರೆ ಗೇಟಿನ ಬೋರ್ಡು ತೋರಿಸುತ್ತಾರೆ: ಇಲ್ಲಿ ಆಟ ಆಡಬಾರದು. ಮಧ್ಯಾಹ್ನ ಬಂದರೆ ಬೀಗ.

ಇದರ ಜೊತೆ 2025ರ ಫೆಬ್ರವರಿಯಲ್ಲಿ ಆಗಿನ ಕೌನ್ಸಿಲಿನ ಅವಧಿ ಮುಗಿದು ಪಾಲಿಕೆ ಆಡಳಿತಾಧಿಕಾರಿಯ ಕೈಗೆ ಬಂತು. ಕಾರ್ಪೊರೇಟರ್ ಇದ್ದಾಗ ದಾರಿಯಲ್ಲಿ ಸಿಕ್ಕರೆ ಹಿಡಿದು ಕೇಳಬಹುದಿತ್ತು. ಆಡಳಿತಾಧಿಕಾರಿಯನ್ನು ಚಾ ಅಂಗಡಿಯಲ್ಲಿ ಹಿಡಿಯುವುದು ಹೇಗೆ?

ಕಟ್ಟಡ ಬಂತು, ಆಮೇಲೆ?

ಮಂಗಳೂರಿನಲ್ಲಿ ಆಟಕ್ಕೆ ದುಡ್ಡೇ ಖರ್ಚಾಗಿಲ್ಲ ಎಂದು ಹೇಳುವಂತಿಲ್ಲ. 2016ರ ಸೆಪ್ಟೆಂಬರಿನಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಕೋಟಿಗಟ್ಟಲೆ ಬಂತು. ಎಮ್ಮೆಕೆರೆಯಲ್ಲಿ ಅಂತಾರಾಷ್ಟ್ರೀಯ ಮಟ್ಟದ ಈಜುಕೊಳ ಎದ್ದಿತು, 2023ರ ನವೆಂಬರಿನಲ್ಲಿ ಉದ್ಘಾಟನೆಯೂ ಆಯಿತು. ಉರ್ವದಲ್ಲಿ ಕಬಡ್ಡಿ, ಬ್ಯಾಡ್ಮಿಂಟನ್‌ಗೆಂದು ಒಳಾಂಗಣ ಕ್ರೀಡಾಂಗಣ ಎದ್ದಿತು. ಅದಕ್ಕೂ ಮೊದಲು ಮಂಗಳಾ ಕ್ರೀಡಾಂಗಣಕ್ಕೆ ಸಿಂಥೆಟಿಕ್ ಟ್ರ್ಯಾಕ್ ಬಂದು, 2015ರಲ್ಲಿ ಫೆಡರೇಷನ್ ಕಪ್ ರಾಷ್ಟ್ರೀಯ ಅಥ್ಲೆಟಿಕ್ಸ್ ಇಲ್ಲೇ ನಡೆಯಿತು. ಹೆಮ್ಮೆ ಪಡಬೇಕಾದ ವಿಷಯವೇ.

ಒಂದು ಮಾತು ಮಾತ್ರ ಕೇಳಬೇಕು. ದೊಡ್ಡ ಈಜುಕೊಳ ಎಂದರೆ ನೀರು ಶುದ್ಧ ಮಾಡುವ ಯಂತ್ರ, ಕರೆಂಟು, ಜೀವರಕ್ಷಕರು, ತರಬೇತುದಾರರು. ದಿನವೂ ಖರ್ಚು. ಆ ಖರ್ಚು ಎಲ್ಲಿಂದ? ಒಂದೋ ಪಾಲಿಕೆ ಕೈಯಿಂದ ಹಾಕಬೇಕು, ಇಲ್ಲವೇ ಒಳಗೆ ಬರುವವರಿಂದ ವಸೂಲು ಮಾಡಬೇಕು, ಇಲ್ಲವೇ ಖಾಸಗಿಯವರಿಗೆ ನಡೆಸಲು ಕೊಡಬೇಕು. ಮೂರರಲ್ಲಿ ಯಾವುದಾದರೂ ಆಗಲಿ, ಹತ್ತಿರದ ಬೋಳಾರದ ಮೀನುಗಾರನ ಮಗಳು ವಾರಕ್ಕೆ ಎರಡು ದಿನ ನೀರಿಗಿಳಿಯಲು ಏನು ಕೊಡಬೇಕು, ಯಾವ ಹೊತ್ತಿಗೆ ಬರಬೇಕು ಎಂಬುದನ್ನು ಯಾರು ನಿಶ್ಚಯಿಸುತ್ತಾರೆ? ಕಟ್ಟುವಾಗ ಸ್ಮಾರ್ಟ್ ಸಿಟಿ ಕಂಪೆನಿ ಇತ್ತು. ಸ್ಮಾರ್ಟ್ ಸಿಟಿ ಯೋಜನೆಯ ಅವಧಿ 2025ರ ಮಾರ್ಚ್ 31ಕ್ಕೆ ಮುಗಿದೇ ಹೋಯಿತು. ಕಟ್ಟಡಕ್ಕೆ ಉದ್ಘಾಟನೆ ಒಂದೇ ದಿನ, ನಡೆಸುವುದು ಮೂವತ್ತು ವರ್ಷ. ನಡೆಸುವ ಲೆಕ್ಕವನ್ನು ಕಲ್ಲು ಹಾಕುವ ದಿನ ಯಾರೂ ವೇದಿಕೆಯಲ್ಲಿ ಓದುವುದಿಲ್ಲ.

ಮೇಲಾಗಿ ಇದು ಕರಾವಳಿ. ಜೂನ್ ಮೊದಲ ವಾರ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಶಾಲೆ ಶುರುವಾಗುವುದೂ ಮಳೆ ಶುರುವಾಗುವುದೂ ಜೊತೆಜೊತೆಗೆ. ಬಂದರು, ಉಳ್ಳಾಲದ ಫುಟ್‌ಬಾಲ್ ಹುಚ್ಚಿನ ಹುಡುಗರಿಗೆ ಕೆಸರೇ ಹಬ್ಬ. ಉಳಿದವರಿಗೆ ನಾಲ್ಕು ತಿಂಗಳು ಮನೆ, ಟ್ಯೂಷನ್, ಮೊಬೈಲು. ಘಟ್ಟದ ಮೇಲಿನ ಊರಿಗೆ ಒಂದು ಬಯಲು ಇದ್ದರೆ ಸಾಕು. ಇಲ್ಲಿಗೆ ಮಾಡು ಬೇಕು. ವಾರ್ಡಿನಲ್ಲಿ ಶೀಟು ಹಾಕಿದ ಒಂದು ಸಾಧಾರಣ ಅಂಗಳ ಇದ್ದರೂ ಕಬಡ್ಡಿ, ಶಟ್ಲು, ಕೇರಂ, ಚೆಸ್ಸು ನಡೆಯುತ್ತದೆ. ಒಂದು ದೊಡ್ಡ ಕ್ರೀಡಾಂಗಣದ ಬದಲು ಇಂಥ ಇಪ್ಪತ್ತು ಅಂಗಳ ಆಗಿದ್ದರೆ ಎಂದು ಯಾರಿಗಾದರೂ ಅನ್ನಿಸಿದರೆ ತಪ್ಪಿಲ್ಲ. ಆದರೆ ಶೀಟಿನ ಅಂಗಳದ ಫೋಟೋ ಕ್ಯಾಲೆಂಡರಿಗೆ ಚೆಂದ ಕಾಣುವುದಿಲ್ಲವಲ್ಲ.

ಅಂಗಡಿಯವರು ಕಟ್ಟುವ ಕ್ರೀಡಾ ತೆರಿಗೆ

ಹಾಗಾದರೆ ಈ ಪೇಟೆಯಲ್ಲಿ ಇಷ್ಟು ಪಂದ್ಯಾಟ ನಡೆಯುವುದು ಹೇಗೆ? ಡಿಸೆಂಬರ್ ಬಂತೆಂದರೆ ಮೇ ತಿಂಗಳ ತನಕ ಒಂದು ಶನಿವಾರ ರಾತ್ರಿ ಖಾಲಿ ಇರುವುದಿಲ್ಲ. ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್, ಅಂಡರ್ ಆರ್ಮ್ ಕ್ರಿಕೆಟ್, ಹಗ್ಗ ಜಗ್ಗಾಟ. ಬ್ಯಾನರು ರಸ್ತೆಗೆ ಅಡ್ಡ. ಇದನ್ನೆಲ್ಲ ನಡೆಸುವುದು ಯಾವ ಇಲಾಖೆಯೂ ಅಲ್ಲ. ಯುವಕ ಮಂಡಲಗಳು, ಫ್ರೆಂಡ್ಸ್ ಸರ್ಕಲ್‌ಗಳು, ಸ್ಪೋರ್ಟ್ಸ್ ಕ್ಲಬ್‌ಗಳು. ಜಾಗ ಸಮತಟ್ಟು ಮಾಡುವುದು ಅವರೇ, ಹುಲ್ಲು ಕೆತ್ತುವುದು ಅವರೇ, ಸುಣ್ಣದಲ್ಲಿ ಗೆರೆ ಎಳೆಯುವುದು ಅವರೇ, ಜನರೇಟರ್ ತರುವುದು ಅವರೇ. ಬಿದ್ದು ಕೈ ಮುರಿದ ಹುಡುಗನನ್ನು ವೆನ್ಲಾಕಿಗೆ ಕರೆದುಕೊಂಡು ಹೋಗುವುದೂ ಅವರೇ. ಮಂಗಳೂರಿನ ನಿಜವಾದ ಮೈದಾನ ಮಂಡಳಿ ಎಂದರೆ ಈ ಹುಡುಗರು.

ಅವರಿಗೆ ದುಡ್ಡು ಎಲ್ಲಿಂದ ಎಂಬುದು ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ರಸೀದಿ ಪುಸ್ತಕ ಹಿಡಿದು ನಾಲ್ಕು ಜನ ಗಲ್ಲದ ಎದುರು ನಿಲ್ಲುತ್ತಾರೆ. ಪರಿಚಯದವರು, ದಿನವೂ ವ್ಯಾಪಾರಕ್ಕೆ ಬರುವವರ ಮಕ್ಕಳು. ಇಲ್ಲ ಎನ್ನಲಾಗುವುದಿಲ್ಲ. ದೊಡ್ಡ ಅಂಗಡಿಯಾದರೆ ಟ್ರೋಫಿಯ ಮೇಲೆ ಹೆಸರು, ಸಣ್ಣದಾದರೆ ಮೈಕಿನಲ್ಲಿ ಒಂದು ಸಲ ಧನ್ಯವಾದ. ವರ್ಷಕ್ಕೆ ಎಷ್ಟು ಮಂಡಲ ಬಂತು, ಎಷ್ಟು ಕೊಟ್ಟದ್ದಾಯಿತು ಎಂದು ಬರೆದಿಟ್ಟ ಕಿರಾಣಿ ಅಂಗಡಿಯವರಿದ್ದರೆ ಲೆಕ್ಕ ತೆಗೆದು ನೋಡಲಿ. ಇದು ತೆರಿಗೆಯಲ್ಲದೆ ಇನ್ನೇನು?

ಇದೇ ಅಂಗಡಿಯವರು ಪಾಲಿಕೆಗೆ ಆಸ್ತಿ ತೆರಿಗೆ ಕಟ್ಟುತ್ತಾರೆ. ಆ ಚಲನ್ನಿನಲ್ಲಿ ಸೆಸ್ಸುಗಳ ಸಾಲು ಉಂಟು. ಗ್ರಂಥಾಲಯಕ್ಕೆ ಒಂದು ರೂಪಾಯಿ ತೆರಿಗೆಗೆ 6 ಪೈಸೆ. ಭಿಕ್ಷುಕರ ಪುನರ್ವಸತಿಗೆ 3 ಪೈಸೆ. ಆರೋಗ್ಯದ್ದೂ ಉಂಟು. ಮೈದಾನದ ಹೆಸರಿನ ಸೆಸ್ಸು ಆ ಸಾಲಿನಲ್ಲಿ ಇಲ್ಲ. ಇನ್ನೊಂದು ಸೆಸ್ಸು ಹಾಕಿ ಎಂದು ಇಲ್ಲಿ ಹೇಳುತ್ತಿಲ್ಲ, ಅಂಗಡಿಯವರು ಗಾಬರಿ ಬೀಳಬೇಕಾಗಿಲ್ಲ! ಗ್ರಂಥಾಲಯಕ್ಕೆ ಸೆಸ್ಸು ಇರುವುದರಿಂದಲೇ ಗ್ರಂಥಾಲಯಕ್ಕೊಂದು ಪ್ರಾಧಿಕಾರ, ಅಧಿಕಾರಿ, ಬಾಗಿಲು ತೆರೆಯುವ ಸಮಯ ಉಂಟು. ಪುಸ್ತಕ ಹರಿದಿದ್ದರೆ ಕೇಳಲು ಒಬ್ಬರಿದ್ದಾರೆ. ಮೈದಾನದ ದುಡ್ಡು ಮಾತ್ರ ಚಂದಾ ಪುಸ್ತಕದ ದಾರಿಯಲ್ಲಿ ಹೋಗುತ್ತದೆ. ಚಂದಾದ ಲೆಕ್ಕವನ್ನು ಕೊಟ್ಟವರು ಕೇಳುವುದಿಲ್ಲ, ಕೇಳಿದರೆ ನಾಳೆ ಮುಖ ಕೊಟ್ಟು ಮಾತಾಡುವುದು ಕಷ್ಟ.

ಮಂಡಲಗಳ ಆಟದಲ್ಲಿ ಒಂದು ಕೊರತೆಯೂ ಉಂಟು, ಹೇಳದೆ ಬಿಡುವಂತಿಲ್ಲ. ರಾತ್ರಿ ಪಂದ್ಯಾಟದ ದುಡ್ಡು ಒಂದು ರಾತ್ರಿಗೆ ಮುಗಿಯುತ್ತದೆ. ಆಡುವವರು ಇಪ್ಪತ್ತು ದಾಟಿದ, ಊರೂರು ಸುತ್ತುವ ತಂಡಗಳು. ಸುತ್ತ ನಿಂತು ಚಪ್ಪಾಳೆ ತಟ್ಟುವವರು ವಾರ್ಡಿನ ಮಕ್ಕಳು. ಮರುದಿನ ಬೆಳಗ್ಗೆ ಫ್ಲಡ್ ಲೈಟು, ಮ್ಯಾಟು ಎಲ್ಲ ಲಾರಿ ಹತ್ತಿ ಹೋಗಿರುತ್ತದೆ. ಇನ್ನು ಜಾತಿ, ಧರ್ಮ, ಪಕ್ಷದ ಬಣ್ಣ ಹಚ್ಚಿಕೊಂಡ ಮಂಡಲಗಳೂ ಇಲ್ಲದಿಲ್ಲ. ಆ ಮಂಡಲದ ನೆಲದಲ್ಲಿ ಈ ಕೇರಿಯ ಹುಡುಗ ಬ್ಯಾಟು ಹಿಡಿಯಲು ಹಿಂದೆ ಮುಂದೆ ನೋಡುತ್ತಾನೆ. ಸಾರ್ವಜನಿಕ ಮೈದಾನ, ಸಾರ್ವಜನಿಕ ಸಮಯ, ಎಲ್ಲರಿಗೂ ಒಂದೇ ನಿಯಮ ಇರಬೇಕು ಎಂಬುದಕ್ಕೆ ಈ ಊರಿಗಿಂತ ದೊಡ್ಡ ಕಾರಣ ಬೇಕಾ?

ಹೆಣ್ಣುಮಕ್ಕಳ ಮಾತು ಬೇರೆಯೇ. ಸಂಜೆ ಐದರಿಂದ ಏಳರ ತನಕ ಪೇಟೆಯ ಯಾವುದಾದರೂ ಬಯಲಿನ ಪಕ್ಕ ನಿಂತು ಎಣಿಸಿದರೆ ಆಡುವ ಹುಡುಗಿಯರನ್ನು ಎಣಿಸಲು ಎರಡು ಕೈ ಬೇಕಾಗಲಿಕ್ಕಿಲ್ಲ. ಶಾಲೆಯ ಥ್ರೋಬಾಲ್ ತಂಡದಲ್ಲಿ ಕಪ್ಪು ಗೆದ್ದವಳು ಎಸ್ಸೆಸ್ಸೆಲ್ಸಿ ಮುಗಿಸಿದ ದಿನವೇ ನಿವೃತ್ತಿ. ಅವಳಿಗೆ ಆಸಕ್ತಿ ಇಲ್ಲ ಎನ್ನುವವರು ಮೈದಾನದಲ್ಲಿ ಹೆಂಗಸರ ಶೌಚಾಲಯ ಎಲ್ಲಿದೆ ಎಂದು ಮೊದಲು ತೋರಿಸಲಿ. ದೀಪ ಎಷ್ಟು ಹೊತ್ತು ಉರಿಯುತ್ತದೆ ಎಂದೂ ಹೇಳಲಿ. ವಾರಕ್ಕೆ ಎರಡು ಸಂಜೆ ಹುಡುಗಿಯರಿಗೇ ಮೀಸಲು ಎಂದು ಬೋರ್ಡು ಹಾಕಲು ಖರ್ಚು ಒಂದು ಡಬ್ಬಿ ಪೇಂಟು. ಆದರೆ ಆ ಬೋರ್ಡಿಗೆ ಸಹಿ ಹಾಕುವ ಅಧಿಕಾರ ಯಾರಿಗೆ?

ಹುಲ್ಲಿನ ಮೇಲೆ ಕಾಲಿಡಬಹುದು

ಬೋರ್ಡು, ಮಂಡಳಿ ಎಂದರೆ ಏನು, ಎಲ್ಲಾದರೂ ಅಂಥದ್ದು ಉಂಟೇ ಎಂದು ಕೇಳುವವರಿಗೆ ದೂರದ ಒಂದು ಉದಾಹರಣೆ. ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ 1883ರಲ್ಲೇ ಪಾರ್ಕುಗಳಿಗೆಂದು ಪ್ರತ್ಯೇಕ ಮಂಡಳಿ ಮಾಡಿದರು. ಜನರು ಮತ ಹಾಕಿ ಒಪ್ಪಿದ ಮೇಲೆಯೇ ಅದು ಆದದ್ದು. ಈಗ ಅದರಲ್ಲಿ 9 ಸದಸ್ಯರು. ಆರು ಮಂದಿ ಆರು ವಿಭಾಗಗಳಿಂದ, ಮೂವರು ಇಡೀ ನಗರದಿಂದ, ಎಲ್ಲರೂ ಚುನಾವಣೆಯಲ್ಲಿ ಗೆದ್ದು ಬರಬೇಕು. ನಗರಸಭೆ ಬೇರೆ, ಪಾರ್ಕು ಮಂಡಳಿ ಬೇರೆ. ಕೆರೆ, ತೋಟ, ಮೈದಾನ, ಕೇರಿಯ ಆಟದ ಮನೆ, ಮಕ್ಕಳ ತಂಡಗಳ ಪಂದ್ಯ ಎಲ್ಲ ಒಂದೇ ಕಡೆ. ಮಕ್ಕಳ ತಂಡಗಳಿಗೆ ತರಬೇತಿ ಕೊಡುವವರು ಬಹಳ ಮಟ್ಟಿಗೆ ಸಂಬಳವಿಲ್ಲದ ತಂದೆ ತಾಯಂದಿರು, ನೆರೆಹೊರೆಯವರು. ಅಂದರೆ ಅಲ್ಲೂ ಯುವಕ ಮಂಡಲದವರೇ ಎನ್ನಿ. ಆದರೆ ಅವರ ಬೆನ್ನಿಗೆ ಜಾಗ, ಸಮಯ, ನಿಯಮ ಕೊಡುವ ಕಚೇರಿ ಒಂದಿದೆ.

1906ರಲ್ಲಿ ಅಲ್ಲಿಗೆ ಥಿಯೋಡರ್ ವಿರ್ತ್ ಎಂಬ ಸೂಪರಿಂಟೆಂಡೆಂಟ್ ಬಂದರು. ಹುಲ್ಲಿನ ಮೇಲೆ ಕಾಲಿಡಬೇಡಿ ಎಂಬ ಬೋರ್ಡುಗಳನ್ನು ಕಿತ್ತು ಹಾಕಿಸಿದವರು ಎಂದು ಅವರ ಹೆಸರು ಅಲ್ಲಿ ಇವತ್ತಿಗೂ ಹೇಳುತ್ತಾರೆ. 1935ರ ತನಕ ಅದೇ ಹುದ್ದೆಯಲ್ಲಿದ್ದರು. ಅವರು ತೋಟಗಾರಿಕೆ ಕಲಿತವರೇ, ಹೂವಿನ ಶತ್ರುವಲ್ಲ.

ಅಲ್ಲಿ ಎಲ್ಲ ಸುಸೂತ್ರ ಎಂದು ತಿಳಿಯಬೇಕಾಗಿಲ್ಲ. ಮಂಡಳಿಗೂ ನಗರಸಭೆಗೂ ದುಡ್ಡಿನ ಜಟಾಪಟಿ ಇದ್ದದ್ದೇ. ಅವರ ಖಜಾನೆ ಬೇರೆ, ಇಲ್ಲಿಯದ್ದು ಬೇರೆ. ಮಂಗಳೂರಿಗೆ ಇನ್ನೊಂದು ಚುನಾವಣೆ ತಂದು ಹಾಕಿದರೆ ಬ್ಯಾನರು ಕಟ್ಟುವವರಿಗೆ ಲಾಭವೇ ಹೊರತು ಮಕ್ಕಳಿಗಲ್ಲ. ಇಲ್ಲಿಗೆ ತೆಗೆದುಕೊಳ್ಳಬಹುದಾದ್ದು ಒಂದೇ. ಆಟದ ಹೊಣೆ ಹೊತ್ತವರು ಇಂಥವರೇ ಎಂದು ಬೆರಳಿಟ್ಟು ತೋರಿಸುವ ವ್ಯವಸ್ಥೆ. ಅದಕ್ಕೆ ಹೊಸ ಕಟ್ಟಡ ಬೇಡ. ಪಾಲಿಕೆ, ಕ್ರೀಡಾ ಇಲಾಖೆ, ತೋಟಗಾರಿಕೆ, ಶಿಕ್ಷಣ, ಪ್ರಾಧಿಕಾರ, ಐದೂ ಕಡೆಯವರನ್ನು ತಿಂಗಳಿಗೊಮ್ಮೆ ಒಂದು ಮೇಜಿಗೆ ಕೂರಿಸಿ, ಶಾಲಾ ಮೈದಾನಗಳನ್ನು ಸಂಜೆ ಎರಡು ಗಂಟೆ ಕೇರಿಯ ಮಕ್ಕಳಿಗೆ ಬಿಡುವುದು ಹೇಗೆ, ಬೀಗದ ಕೈ ಯಾರ ಹತ್ತಿರ, ಕಿಟಕಿ ಗಾಜು ಒಡೆದರೆ ಯಾರು ಕೊಡುವುದು ಎಂದು ಬರೆದು ಸಹಿ ಹಾಕಿಸಿದರೆ ಅರ್ಧ ಕೆಲಸ ಆಯಿತು. ಮುಖ್ಯೋಪಾಧ್ಯಾಯರು ಗೇಟಿಗೆ ಬೀಗ ಹಾಕುವುದು ಕೆಟ್ಟ ಬುದ್ಧಿಯಿಂದಲ್ಲ. ಒಡೆದ ಗಾಜಿಗೆ, ಗೋಡೆ ಮೇಲಿನ ಗೀಚಿಗೆ, ರಾತ್ರಿ ಉಳಿದ ಬಾಟಲಿಗೆ ಮರುದಿನ ಉತ್ತರ ಹೇಳಬೇಕಾದವರು ಅವರು.

ಗದ್ದೆ ಹೋಯಿತು, ಪಟ್ಟಿ ಎಲ್ಲಿ?

ಈ ಚಿಂತೆ ನಲವತ್ತು ವರ್ಷದ ಹಿಂದೆ ಇರಲಿಲ್ಲ, ಅದಕ್ಕೆ ಕಾರಣ ಗದ್ದೆ. ಸುಗ್ಗಿ ಬೆಳೆ ಕೊಯ್ದ ಮೇಲೆ ಮಳೆ ಬರುವ ತನಕ ಗದ್ದೆಯೇ ಮೈದಾನ. ಗದ್ದೆಯ ಹುಣಿಯೇ ಬೌಂಡರಿ, ತೆಂಗಿನ ಮಡಲೇ ಬ್ಯಾಟು. ಒಡೆಯರು ಒಂದೆರಡು ಸಲ ಗದರಿಸಿ ಸುಮ್ಮನಾಗುತ್ತಿದ್ದರು. ಪೇಟೆಯೊಳಗಿನ ಆ ಗದ್ದೆಗಳಲ್ಲಿ ಈಗ ಹತ್ತು ಮಾಳಿಗೆಯ ಫ್ಲಾಟು. ಫ್ಲಾಟಿನ ಕೆಳಗೆ ಕಾರಿನ ಪಾರ್ಕಿಂಗು. ಅಲ್ಲಿ ಚೆಂಡು ಆಡಿದರೆ ಅಸೋಸಿಯೇಷನ್ನಿನ ನೋಟೀಸು. ದುಡ್ಡಿದ್ದವರ ಮಕ್ಕಳಿಗೆ ಈಗ ಗಂಟೆ ಲೆಕ್ಕದ ಟರ್ಫ್ ಬಂದಿದೆ. ಕೆ.ಎಲ್. ರಾಹುಲ್ ಈ ಜಿಲ್ಲೆಯಲ್ಲೇ ಬೆಳೆದ ಆಟಗಾರ ಎಂದು ಎಲ್ಲರೂ ಎದೆ ತಟ್ಟುತ್ತಾರೆ, ಸರಿಯೇ. ತಂದೆ ಪ್ರಾಧ್ಯಾಪಕರಾಗಿದ್ದ ಸುರತ್ಕಲ್ಲಿನ ಎನ್.ಐ.ಟಿ.ಕೆ. ಆವರಣದಲ್ಲಿ ಮನೆಯ ಹತ್ತಿರವೇ ಮೈದಾನ ಇತ್ತು. ಪ್ರತಿಭೆಯ ಜೊತೆ ಅದೂ ಬೇಕು.

ಉಳಿದಿರುವ ಜಾಗವನ್ನಾದರೂ ಕಾಯಲು ಕಾನೂನು ಇಲ್ಲದಿಲ್ಲ. ಕರ್ನಾಟಕದ ಪಾರ್ಕು, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆ ಬಂದದ್ದು 1985ರಲ್ಲಿ. ಸ್ಥಳೀಯ ಆಡಳಿತ ತನ್ನ ವ್ಯಾಪ್ತಿಯ ಪಾರ್ಕು, ಮೈದಾನ, ಬಯಲುಗಳ ಪಟ್ಟಿ ಮಾಡಬೇಕು ಎಂದು ಅದು ಹೇಳುತ್ತದೆ. ಪಟ್ಟಿಗೆ ಸೇರಿದ ಜಾಗವನ್ನು ಮನಸ್ಸಿಗೆ ಬಂದಂತೆ ಬೇರೆ ಕೆಲಸಕ್ಕೆ ಕೊಡುವಂತಿಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಮುಖ್ಯಮಂತ್ರಿಯ ಆದೇಶದ ಮೇಲೆ ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿಯ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಕಡೆಗೇ ತೀರ್ಪು ಕೊಟ್ಟಿತು. ಬಿ.ಎಸ್. ಮುದ್ದಪ್ಪ ಪ್ರಕರಣ ಎಂದು ಅದು ಪ್ರಸಿದ್ಧ. ಆಸ್ಪತ್ರೆಯೂ ಒಳ್ಳೆಯ ಕೆಲಸವೇ ತಾನೆ ಎಂಬ ವಾದ ಅಲ್ಲಿ ನಡೆಯಲಿಲ್ಲ. ಮಂಗಳೂರಿನಲ್ಲಿ ಪಾರ್ಕಿನ ಮೂಲೆಗೆ ಒಂದು ಶೆಡ್ಡು, ಒಂದು ಕಚೇರಿ, ಒಂದು ನೀರಿನ ಟ್ಯಾಂಕು ಎಂದು ಶುರು ಮಾಡುವವರು ಆ ತೀರ್ಪು ಒಮ್ಮೆ ಓದಿದರೆ ಒಳ್ಳೆಯದು.

ಕಾಯ್ದೆ ಕಾಯುವುದು ಜಾಗವನ್ನು. ಬೀಗ ಯಾವಾಗ ತೆಗೆಯಬೇಕು, ಚೆಂಡು ಬಿಡಬೇಕೋ ಬೇಡವೋ, ಯಾವ ಸಂಜೆ ಯಾರದ್ದು ಎಂದು ಅದು ಹೇಳಿಕೊಡುವುದಿಲ್ಲ. ಅದನ್ನು ಊರಿನವರೇ ಕೂತು ಮಾಡಬೇಕು. ಆದರೆ ಮೊದಲು ಪಟ್ಟಿ ಕೈಗೆ ಬರಬೇಕಲ್ಲ! ವಾರ್ಡಿನಲ್ಲಿ ಪಾರ್ಕು ಎಷ್ಟು, ಮೈದಾನ ಎಷ್ಟು, ಸರ್ವೆ ನಂಬರ್ ಯಾವುದು, ಎಷ್ಟು ಸೆಂಟ್ಸು, ಈಗ ಅದರಲ್ಲಿ ಏನಿದೆ ಎಂದು ವಾರ್ಡಿನ ಜನರಿಗೆ ಗೊತ್ತಿದ್ದರೆ, ರಸೀದಿ ಪುಸ್ತಕ ಹಿಡಿದು ಬರುವ ಹುಡುಗರ ಹತ್ತಿರ ಅಂಗಡಿಯವರು ಒಂದು ಮಾತು ಹೇಳಬಹುದು: ಚಂದಾ ಕೊಡುತ್ತೇವೆ, ಈ ಸರ್ವೆ ನಂಬರಿನ ಜಾಗ ಬಿಡಿಸುವ ಅರ್ಜಿಗೆ ನೀವೂ ಸಹಿ ಹಾಕಿ.

ಪಟ್ಟಿ ಕೇಳಲು ಯಾರ ಶಿಫಾರಸೂ ಬೇಡ. 2005ರ ಮಾಹಿತಿ ಹಕ್ಕು ಕಾಯ್ದೆಯ ಕೆಳಗೆ ಬಿಳಿ ಕಾಗದದಲ್ಲಿ ಬರೆದು ಲಾಲ್‌ಬಾಗಿನ ಪಾಲಿಕೆ ಕಚೇರಿಗೆ ಕೊಟ್ಟರಾಯಿತು. ಸ್ಟೇಟ್ ಬ್ಯಾಂಕಿನಿಂದ ಬಸ್ಸು ಉಂಟು. ಶುಲ್ಕ 10 ರೂಪಾಯಿ. ಉತ್ತರ 30 ದಿನದೊಳಗೆ ಕೊಡಬೇಕು.